ಅತ್ತೆಯ ಕೋಣೆಯೂ ಅರ್ವೋನ ಸೌನಾವೂ

ಅರ್ವೋ ಕಂಗಾಸನ ಮನೆಯಲ್ಲಿ ಅಡುಗೆಮನೆ ಅವನ ಹೆಂಡತಿ ಹಿಲ್ಮಾಳದು, ನಡುಮನೆ ಹಿಲ್ಮಾಳದು, ಮಲಗುವ ಮಂಚದಲ್ಲಿ ಮುಕ್ಕಾಲು ಪಾಲು ಹಿಲ್ಮಾಳದು. (ಉಳಿದ ಕಾಲು ಭಾಗದಲ್ಲಿ ಬೆಕ್ಕು ಮಲಗುತ್ತಿತ್ತು. ಬೆಕ್ಕಿನ ಪಕ್ಕದಲ್ಲಿ ಅರ್ವೋ.) ಇಡೀ ಹ್ಯಾನ್‌ಕಾಕ್ ಊರಿನಲ್ಲಿ ಅವನ ಮಾತು ನಡೆಯುತ್ತಿದ್ದ ಜಾಗ ಒಂದೇ: ನೆಲಮಾಳಿಗೆಯ ಹಿಂದಿನ ಮೂಲೆಯಲ್ಲಿದ್ದ ಸೌನಾ. ಎರಡು ಬೀರು ನಿಲ್ಲಿಸಿದರೆ ತುಂಬಿಹೋಗುವಂಥ, ಹಬೆಸ್ನಾನದ ಮರದ ಗೂಡು. ಒಳಗೆ ಕಟ್ಟಿಗೆ ಒಲೆ, ಒಲೆಯ ಮೇಲೆ ಕಲ್ಲಿನ ರಾಶಿ, ಎದುರಿಗೆ ಮೆಟ್ಟಿಲಿನಂತೆ ಜೋಡಿಸಿದ ಹಲಗೆಗಳು. ಶನಿವಾರ ಸಂಜೆ ಕಲ್ಲು ಚೆನ್ನಾಗಿ ಕಾದ ಮೇಲೆ ಒಂದು ಸೌಟು ನೀರು ಹೊಯ್ದರೆ ಭುಸ್ಸೆಂದು ಹಬೆ ಏಳುತ್ತಿತ್ತು. ಆ ಹಬೆಯ ನಡುವೆ, ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ, ಹುಟ್ಟಿದ ದಿನ ಹೇಗಿದ್ದನೋ ಹಾಗೇ ಅರ್ವೋ ಚಕ್ರವರ್ತಿಯಂತೆ ವಿರಾಜಮಾನನಾಗುತ್ತಿದ್ದ. ತಾಮ್ರದ ಗಣಿಯಲ್ಲಿ ದುಡಿಯುತ್ತಿದ್ದ ಅವನ ಅಪ್ಪ ತಮ್ಮ ಕೈಯಾರೆ ಕಟ್ಟಿದ್ದ ಸೌನಾ ಅದು.

ಇಂಥ ಸಾಮ್ರಾಜ್ಯಕ್ಕೆ ಕುತ್ತು ಬಂದದ್ದು ಬೆಳಗಿನ ಕಾಫಿಯ ಜೊತೆಗೆ.

"ಅಮ್ಮನ್ನ ಇಲ್ಲಿಗೇ ಕರ್ಕೊಂಡು ಬರ್ತೀನಿ," ಎಂದಳು ಹಿಲ್ಮಾ, ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡು ಕತ್ತರಿಸುತ್ತ. "ಈ ವರ್ಷಾನೂ ಒಬ್ಳೇ ಹಿಮ ಎತ್ತಿ ಹಾಕೋದು ಬೇಡ. ಕೆಳಗೆ ಒಂದು ರೂಮು, ಒಂದು ಬಚ್ಚಲು ಮಾಡಿಸೋಣ."

"ಮಾಡಿಸೋದಾ? ನಾನೇನು ಸತ್ತಿದೀನಾ? ನಾನೇ ಮಾಡ್ತೀನಿ."

(ಹಿಂದೆ ಗಣಿ ಕೆಲಸಕ್ಕೆಂದು ವಲಸೆ ಬಂದು ಆ ಊರಿನಲ್ಲಿ ನೆಲೆನಿಂತ ಫಿನ್ನಿಶ್ ಮನೆತನಗಳ ಗಂಡಸರಿಗೆ ಹಲ್ಲು ಕೀಳಿಸುವುದೊಂದನ್ನು ಬಿಟ್ಟು ಇನ್ಯಾವ ಕೆಲಸಕ್ಕೂ ಹೊರಗಿನವರನ್ನು ಕರೆದರೆ ಮರ್ಯಾದೆ ಹೋಗುತ್ತದೆ. ಹಲ್ಲಿಗೂ ಕೆಲವರು ಮೊದಲು ಮನೆಯ ಇಕ್ಕಳವನ್ನೇ ಹಿಡಿದು ನೋಡುವುದುಂಟು.)

"ಮಾಡು, ಯಾರು ಬೇಡ ಅಂದ್ರು? ಆದ್ರೆ ಮೊದಲು ಆ ಸೌನಾ ಕಿತ್ತಾಕು. ಕೆಳಗೆ ಜಾಗ ಎಲ್ಲಿದೆ?"

ಅರ್ವೋ ಬ್ರೆಡ್ಡನ್ನು ತಟ್ಟೆಗೆ ಕುಕ್ಕಿದ. "ಸೌನಾ ಕೀಳೋದಾ? ಹಿಲ್ಮಾ! ನೀನು ಫಿನ್ನಿಶ್ ಮನೆತನದವಳು ಅನ್ನೋದಾದ್ರೂ ನೆನಪಿರಲಿ!"

"ನೆನಪಿದೆ. ಶನಿವಾರ ನಿಮ್ಮಣ್ಣನ ಮನೆ ಸೌನಾಗೆ ಹೋಗು."

"ಅವನದು ಕರೆಂಟಿನ ಒಲೆ ಕಣೇ! ಅದರಲ್ಲಿ ಕೂರೋದೂ ಒಂದೇ, ಬ್ರೆಡ್ ಸುಡೋ ಡಬ್ಬೀಲಿ ಕೂರೋದೂ ಒಂದೇ."

"ಸರಿ. ಅಮ್ಮ ನನ್ನ ಜೊತೆ ಮಂಚದ ಮೇಲೆ ಮಲಗ್ಲಿ. ನೀನು ಸೋಫಾ ಮೇಲೆ ಬಿದ್ಕೋ."

ಅರ್ವೋ ಅಳತೆ ಟೇಪು ಹಿಡಿದು ಕೆಳಗಿಳಿದ. ಸೌನಾದ ಹಲಗೆಯ ಮೇಲೆ ಕೂತು ಆಳವಾಗಿ ಚಿಂತಿಸಿದ. ಇಂಥ ಮಹಾಚಿಂತನೆಗಳು ವ್ಯರ್ಥವಾಗುವುದಿಲ್ಲ. ಮೇಲೆ ಬಂದಾಗ ಅವನ ಕೈಯಲ್ಲಿ ರಟ್ಟಿನ ಚೂರಿತ್ತು, ರಟ್ಟಿನ ಮೇಲೆ ಸೀಸದಕಡ್ಡಿಯಲ್ಲಿ ಬರೆದ ನಕ್ಷೆಯಿತ್ತು, ಮುಖದಲ್ಲಿ ತೇಜಸ್ಸಿತ್ತು.

"ನೋಡು. ನನ್ನ ಮೀನು ಹಿಡಿಯೋ ಸಾಮಾನು, ಮರಗೆಲಸದ ಮೇಜು, ಎಲ್ಲಾ ಶೆಡ್ಡಿಗೆ. ಆ ಜಾಗದಲ್ಲಿ ಅತ್ತೆಗೆ ರೂಮು. ಪಕ್ಕದಲ್ಲಿ ಬಚ್ಚಲು. ಹಿಂದುಗಡೆ ಸೌನಾ ಇದ್ದ ಹಾಗೇ ಇರುತ್ತೆ. ಒಂದು ಹಲಗೇನೂ ಅಲುಗಾಡೋ ಹಾಗಿಲ್ಲ!"

ಹಿಲ್ಮಾ ರಟ್ಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಅಲ್ಲ ಅರ್ವೋ, ಇಲ್ಲಿ ಈ..."

"ಅಲ್ಲ ಗಿಲ್ಲ ಅನ್ಬೇಡ. ಕಟ್ಟೋನು ನಾನು."

"ಸರೀಪ್ಪ. ಕಟ್ಟೋನು ನೀನು," ಎಂದು ಹಿಲ್ಮಾ ರಟ್ಟನ್ನು ಮೆಲ್ಲಗೆ ಅವನ ಕೈಗೆ ಕೊಟ್ಟು ಇನ್ನೊಂದು ಲೋಟ ಕಾಫಿ ಬಗ್ಗಿಸಿದಳು. (ಇಷ್ಟು ಕಾಲ ಸಂಸಾರ ಮಾಡಿದ ಗಂಡಸಿಗೆ ಆ ಮೆತ್ತನೆಯ ದನಿ ಕೇಳಿಯೇ ಎದೆ ಝಲ್ಲೆನ್ನಬೇಕಿತ್ತು. ಅರ್ವೋ ಕಾಫಿ ಕುಡಿದ.)

ಕಾಮಗಾರಿ ಆರಂಭವಾಯಿತು. ಮೊದಲು ಬಚ್ಚಲು. ಊರಿನ ಚರಂಡಿ ಕೊಳವೆ ನೆಲಮಾಳಿಗೆಗಿಂತ ಎತ್ತರದಲ್ಲಿ ಹೋಗುತ್ತಿದ್ದುದರಿಂದ, ಮೇಲಿನಿಂದ ಕೆಳಕ್ಕೆ ಹೋಗಬೇಕಾದ್ದನ್ನು ಇಲ್ಲಿ ಕೆಳಗಿನಿಂದ ಮೇಲಕ್ಕೆ ಕಳಿಸಬೇಕಿತ್ತು. ಅದಕ್ಕೊಂದು ಪಂಪು, ಪಂಪಿಗೊಂದು ಗುಂಡಿ, ಗುಂಡಿಗಾಗಿ ಕಾಂಕ್ರೀಟು ನೆಲ ಒಡೆಯುವ ಕೆಲಸ. ಅರ್ವೋ ಒಡೆದ ಅಂದರೆ ಒಡೆದ. ಮನೆಯ ಕರಿ ಬೆಕ್ಕು ಬೂದು ಬೆಕ್ಕಾಯಿತು. ಮೀನಿನ ಸಾರಿನಲ್ಲಿ ಸಿಮೆಂಟಿನ ಒಗ್ಗರಣೆ. ರಾತ್ರಿ ಹಿಲ್ಮಾ ತಲೆ ಬಾಚಿಕೊಂಡರೆ ಹಣಿಗೆಯಿಂದ ಮರಳು ಉದುರುತ್ತಿತ್ತು.

ನೀರು ತುಂಬಿಸಿ ಪಂಪು ಪರೀಕ್ಷೆ ಮಾಡಿದ ದಿನ, ನೀರು ಮೇಲಕ್ಕೇನೋ ಹೋಯಿತು. ಕೊಳವೆಯೊಳಗಿಂದ ಹೋಗಲಿಲ್ಲ, ಅಷ್ಟೆ. ಗಂಗಾವತರಣ ತಲೆಕೆಳಗಾಗಿ ನಡೆದಂತೆ ನೆಲದಿಂದ ಚಿಮ್ಮಿ ಚಾವಣಿಗೆ ಬಡಿಯಿತು.

"ಹಿಲ್ಮಾ! ಸ್ವಿಚ್ಚು! ಸ್ವಿಚ್ಚು ಆರಿಸು!"

"ಯಾವ ಸ್ವಿಚ್ಚು?"

"ಎಲ್ಲಾ ಸ್ವಿಚ್ಚು!"

ಕತ್ತಲಾಯಿತು. ಕತ್ತಲಲ್ಲಿ ಹಿಲ್ಮಾಳ ದನಿ ಕೇಳಿತು: "ಪ್ಲಂಬರನ್ನ ಕರೀಲಾ?"

"ನಾನು ಸತ್ತ ಮೇಲೆ ಕರಿ!"

"ಆಯ್ತು. ನಂಬರು ಹುಡುಕಿಟ್ಟಿರ್ತೀನಿ."

ಪಂಪು ಕೊನೆಗೆ ದಾರಿಗೆ ಬಂತು. ಆಮೇಲೆ ಕಿಟಕಿ. ನೆಲದಡಿಯಲ್ಲಿ ಯಾರಾದರೂ ಮಲಗಬೇಕಾದರೆ, ಬೆಂಕಿ ಬಿದ್ದಾಗ ಹತ್ತಿ ಹೊರಗೆ ಹೋಗುವಷ್ಟು ದೊಡ್ಡ ಕಿಟಕಿ ಇರಬೇಕೆಂದು ಕಾನೂನು. ಅರ್ವೋ ಅಂಗಳ ಅಗೆದು, ಗೋಡೆ ಕೊರೆದು, ಮೊದಲ ಹಿಮ ಬೀಳುವುದರೊಳಗೆ ಕಿಟಕಿ ಕೂರಿಸಿದ. ಹಿಮ ಬಿದ್ದ ಮೇಲೆ ಪರೀಕ್ಷೆಗೆ ಬಂದ ಊರಿನ ಇನ್ಸ್‌ಪೆಕ್ಟರು ಟ್ರೆಂಬತ್ ಇಂಗ್ಲಿಷ್ ಮೂಲದ ಕಾರ್ನಿಶ್ ಪಂಗಡದ ಮನುಷ್ಯ. ಗಣಿಯ ಕಾಲದಲ್ಲಿ ಕಾರ್ನಿಶ್ ಜನ ಮೇಸ್ತ್ರಿಗಳು, ಫಿನ್ನಿಶ್ ಜನ ಕೂಲಿಗಳು. ಗಣಿ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಆ ಉರಿ ಎರಡು ಕಡೆಯೂ ಆರಿರಲಿಲ್ಲ.

ಟ್ರೆಂಬತ್ ಕಿಟಕಿಗೆ ಟೇಪು ಹಿಡಿದು, "ಹ್ಞೂಂ..." ಎಂದ.

"ಏನು ಹ್ಞೂಂ? ಏನು ಹ್ಞೂಂ ಅಂತೀನಿ? ದೊಡ್ಡದಾಗಿಲ್ವಾ? ನಿಲ್ಲಿ, ತೋರಿಸ್ತೀನಿ," ಎಂದು ಅರ್ವೋ ಯಾರೂ ಕೇಳದೆಯೇ ಕುರ್ಚಿ ಹತ್ತಿ ಕಿಟಕಿಯೊಳಗೆ ನುಗ್ಗಿದ. ತಲೆ ಹೋಯಿತು. ಭುಜ ಹೋಯಿತು. ಹೊಟ್ಟೆ ಮಾತ್ರ ಹೋಗಲೂ ಇಲ್ಲ, ಬರಲೂ ಇಲ್ಲ. ಅರ್ಧ ಅರ್ವೋ ಹಿಮದಲ್ಲಿ, ಅರ್ಧ ಅರ್ವೋ ಅತ್ತೆಯ ಕೋಣೆಯಲ್ಲಿ.

"ಕಂಗಾಸ್, ಆರಾಮಾಗಿದ್ದೀರಾ?" ಟ್ರೆಂಬತ್ ಕಾಲುಗಳನ್ನು ವಿಚಾರಿಸಿದ.

"ಗಾಳಿ ತಗೋತಿದೀನಿ!" ಎಂದು ಹೊರಗಿನಿಂದ ಉತ್ತರ ಬಂತು.

"ಅಮ್ಮಾ, ಈ ರೂಮಲ್ಲಿ ಮಲಗೋದು ಯಾರು?"

"ನಮ್ಮ ತಾಯಿ. ಗುಬ್ಬಿ ಹಾಗಿದ್ದಾರೆ," ಎಂದಳು ಹಿಲ್ಮಾ.

"ಹಾಗಾದ್ರೆ ಪಾಸು. ಕಾನೂನಿನಲ್ಲಿ ಕಿಟಕಿ ಅಳೀಬೇಕು ಅಂತಿದೆ, ಹೊಟ್ಟೆ ಅಳೀಬೇಕು ಅಂತಿಲ್ಲ. ಬನ್ನಿ, ಒಂದೊಂದು ಕಾಲು ಹಿಡ್ಕೊಳೋಣ."

ಸೈಮಿ ಅತ್ತೆ ಬಂದರು. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಊರಿನಿಂದ ಊರಿಗೆ ಅಲುಗಾಡದಂತೆ ತಂದ ಮೊಸರಿನ ಹೆಪ್ಪಿನ ಡಬ್ಬಿ. ಮಂಚ ಒತ್ತಿ ನೋಡಿದರು. ಕಿಟಕಿ ತೆರೆದು ನೋಡಿದರು. ಬಚ್ಚಲಿಗೆ ಹೋಗಿ ಪಂಪಿನ ಗುಡುಗು ಕೇಳಿ ಮೆಚ್ಚಿದರು. ಆಮೇಲೆ ಮಂಚದ ಕಾಲ ಬಳಿ ಗೋಡೆಯಲ್ಲಿದ್ದ ಸಣ್ಣ ಮರದ ಬಾಗಿಲು ತೆರೆದರು.

ಒಳಗೆ ಕಟ್ಟಿಗೆ ಒಲೆ. ಕಲ್ಲು. ಹಲಗೆ.

"ಅಯ್ಯೋ ಅರ್ವೋ!" ಅತ್ತೆಯ ಕಣ್ಣಲ್ಲಿ ನೀರು ಬಂತು. "ನನ್ನ ರೂಮಿಗೇ ಸೇರಿಸಿ ಸೌನಾನೂ ಮಾಡಿಕೊಟ್ಟಿದ್ದೀಯಲ್ಲಪ್ಪಾ! ನಾನು ಹೆತ್ತ ಮಕ್ಕಳೂ ಇಷ್ಟು ಮಾಡ್ಲಿಲ್ಲ!"

ಸೌನಾಕ್ಕೆ ಇದ್ದದ್ದು ಅದೊಂದೇ ಬಾಗಿಲು. ಗೋಡೆ ಏಳುವಾಗ ಪ್ರತಿ ಶನಿವಾರವೂ ಅರ್ವೋ ಆ ಕೋಣೆಯ ಮೂಲಕವೇ ಸೌನಾಕ್ಕೆ ಹೋಗಿದ್ದ, ಬಂದಿದ್ದ. ಏನೂ ತೊಡಕಾಗಿರಲಿಲ್ಲ. ಅತ್ತೆ ಇಲ್ಲದ ಕೋಣೆ ಬರೀ ದಾರಿ. ಅತ್ತೆ ಬಂದ ಮೇಲೆ ಅದು ಅಂತಃಪುರ ಎಂಬುದು ಈಗ ಹೊಳೆಯಿತು.

"ನೋಡಮ್ಮಾ," ಎಂದಳು ಹಿಲ್ಮಾ ಜೇನಿನಂಥ ದನಿಯಲ್ಲಿ, "ಒಂದು ಹಲಗೇನೂ ಅಲುಗಾಡಿಸಿಲ್ಲ."

ಆದರೂ ಅರ್ವೋ ಆಸೆ ಬಿಡಲಿಲ್ಲ. ಶನಿವಾರ ಸಂಜೆ ಅತ್ತೆ ಮೇಲೆ ಟೀವಿ ಮುಂದೆ ಕೂತಿರುತ್ತಾರೆ, ತಾನು ಸದ್ದಿಲ್ಲದೆ ಹೋಗಿಬಂದರಾಯಿತು ಎಂದು ಲೆಕ್ಕ ಹಾಕಿದ. ಶನಿವಾರ ಸೊಂಟಕ್ಕೊಂದು ಟವೆಲು ಸುತ್ತಿ, ಬೆನ್ನಿಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟು ಹಿಡಿದು ಮೆಟ್ಟಿಲಿಳಿದ. ಅತ್ತೆಯ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ. ತಟ್ಟಿದ.

"ಯಾರದು?"

"ನಾನು ಅತ್ತೆ. ಅರ್ವೋ. ಇವತ್ತು ಶನಿವಾರ ಅಲ್ವಾ..."

"ಹೌದಪ್ಪಾ, ಅದಕ್ಕೇ ಊಟ ಆದ ಕೂಡ್ಲೇ ಒಲೆ ಹಚ್ಚಿದೆ. ಚರ್ಚಿನ ಹೊಲಿಗೆ ಸಂಘದೋರು ಬಂದಿದ್ದಾರೆ. ಹಿಲ್ಮಾನೂ ಇಲ್ಲೇ ಇದ್ದಾಳೆ. ಮೈಮೇಲೆ ಬಟ್ಟೆ ಇದೆ ತಾನೇ?"

"ಟವೆಲಿದೆ."

ಒಳಗೆ ಒಂದು ಸಂಘಕ್ಕೆ ಸಂಘವೇ ಕಿಲಕಿಲ ನಕ್ಕಿತು.

"ಟವೆಲುಟ್ಕೊಂಡು ಹೆಂಗಸರ ರೂಮಿನ ಬಾಗಿಲು ಬಡೀತಿದ್ದೀಯಾ?"

"ಅತ್ತೆ, ಅದು ನಮ್ಮಪ್ಪ ಕಟ್ಟಿದ ಸೌನಾ!" ಅರ್ವೋನ ದನಿ ನೆಲಮಾಳಿಗೆಯಲ್ಲಿ ಮೊಳಗಿತು.

"ಶ್! ಸೌನಾ ಹತ್ರ ದನಿ ಎತ್ತಬಾರದು, ಚರ್ಚಿನಲ್ಲಿದ್ದ ಹಾಗಿರಬೇಕು. ನಿಮ್ಮಪ್ಪ ಕಲಿಸ್ಲಿಲ್ವಾ?"

ಅಪ್ಪ ಕಲಿಸಿದ್ದರು. ಅರ್ವೋ ತಗ್ಗಿದ ದನಿಯಲ್ಲಿ, "ನಿಮ್ಮದೆಲ್ಲಾ ಆದ ಮೇಲೆ ನಾನು...?" ಎಂದ.

"ಆಮೇಲೆ ನಾನು ಮಲಗಬೇಡ್ವಾ? ಅಳಿಯ ಅನ್ನೋನು ಬರಿಮೈಲಿ ಅತ್ತೆ ಮಂಚ ದಾಟಿ ಓಡಾಡಿದ್ರೆ ಊರು ಏನನ್ನತ್ತೆ? ಪಕ್ಕದಲ್ಲೇ ಅಷ್ಟು ಚೆಂದದ ಬಚ್ಚಲು ಕಟ್ಟಿದ್ದೀಯಲ್ಲ, ಅಲ್ಲಿ ಸ್ನಾನ ಮಾಡ್ಕೋ."

"ಅರ್ವೋ," ಒಳಗಿನಿಂದ ಹಿಲ್ಮಾ ಕೂಗಿದಳು, "ಹೋಗೋ ಮುಂಚೆ ಒಂದು ಹೊರೆ ಕಟ್ಟಿಗೆ ಬಾಗಿಲ ಹತ್ರ ಇಟ್ಟು ಹೋಗು."

ಅರ್ವೋ ಕಟ್ಟಿಗೆ ಇಟ್ಟು ಬಚ್ಚಲಿಗೆ ಹೋದ. ನಲ್ಲಿ ತಿರುಗಿಸಿದರೆ ತಣ್ಣೀರು ಬಂತು. ಬಿಸಿನೀರೆಲ್ಲ ಹೊಲಿಗೆ ಸಂಘದ ಪಾಲಾಗಿತ್ತು. ಕಮೋಡಿನ ಮುಚ್ಚಳ ಹಾಕಿ ಅದರ ಮೇಲೆ ಕೂತ. ಬೆನ್ನ ಹಿಂದಿನ ಗೋಡೆಯ ಆಚೆಗೇ ಅಪ್ಪನ ಒಲೆ, ಕೆಂಪಗೆ ಕಾದ ಕಲ್ಲು, ಮೇಲಿನ ಹಲಗೆಯಲ್ಲಿ ಸೈಮಿ ಅತ್ತೆ. ಒಂದಿಷ್ಟು ಬಿಸಿಯಾದರೂ ಈಚೆಗೆ ಬಂದೀತೆಂದು ಬರಿಬೆನ್ನನ್ನು ಗೋಡೆಗೆ ಒತ್ತಿ ಹಿಡಿದ. ಸೌನಾದ ಬಿಸಿ ಎಳ್ಳಷ್ಟೂ ಪೋಲಾಗಬಾರದೆಂದು ಅವನೇ ಆ ಗೋಡೆಯೊಳಗೆ ಬಿಸಿ ತಡೆಯುವ ದಪ್ಪ ಹಾಸನ್ನು ಎರಡೆರಡು ಪದರ ತುಂಬಿ, ಕೂದಲೆಳೆಯಷ್ಟೂ ಸಂದು ಬಿಡದೆ ಮುಚ್ಚಿದ್ದ. ಅವನು ಜೀವಮಾನದಲ್ಲಿ ಕಟ್ಟಿದ ಗೋಡೆಗಳಲ್ಲೆಲ್ಲ ಅದೇ ಅತ್ಯುತ್ತಮವಾದದ್ದು.

ಗೋಡೆ ತಣ್ಣಗೆ ಕೊರೆಯುತ್ತಿತ್ತು.