ಗೊಂಗೋರನ ಜೀಪಿಗೆ ಮಂಡಿ ನೋವು

ಉಪ್ಪಿನ ಚಹಾ ಆರಿಹೋಗುತ್ತೆ, ಮೊದಲು ಕುಡಿ ಮಗಾ, ಆಮೇಲೆ ನಗು. ಆ ಜೀಪಿನ ಕೆಳಗಿಂದ ಚಾಚಿಕೊಂಡಿರೋ ಬೂಟು ನೋಡಿ ತಾನೇ ನಗ್ತಿರೋದು? ಅವು ನನ್ನ ತಮ್ಮ ಗೊಂಗೋರನವು. ಬೂಟಿನೊಳಗೆ ಅವನೂ ಇದ್ದಾನೆ. ಹಾಗೆ ನೋಡಿದರೆ ಗೆದ್ದವನೇ ಅವನು. (ಗೆದ್ದವರು ಎಲ್ಲಿ ಮಲಗಬೇಕು ಅಂತ ಹೆಂಡತಿ ತೀರ್ಮಾನ ಮಾಡಿದಳು, ಅದು ಬೇರೆ ಮಾತು.)

ಆ ಜೀಪು ಅವನ ಕೈಗೆ ಬರುವ ಹೊತ್ತಿಗೆ ಈ ಹುಲ್ಲುಗಾವಲಿನ ಅರ್ಧ ಜನ ಅದನ್ನು ಓಡಿಸಿ, ಬೈದು, ಮಾರಿಯಾಗಿತ್ತು. ಗೊಂಗೋರನಿಗೆ ಮಾತ್ರ ಅದು ಪಟ್ಟದ ಕುದುರೆ. ಅದರ ಹೊಟ್ಟೆಯ ಕೆಳಗೆ ಎರಡು ಶಾಫ್ಟುಗಳಿವೆ. ಇಂಜಿನ್ನಿನ ಬಲವನ್ನು ಒಂದು ಮುಂದಿನ ಚಕ್ರಗಳಿಗೆ ಮುಟ್ಟಿಸುತ್ತದೆ, ಇನ್ನೊಂದು ಹಿಂದಿನವಕ್ಕೆ. ಶಾಫ್ಟಿನ ತುದಿಗಳಲ್ಲಿ ನಮ್ಮ ಮಂಡಿಯ ಹಾಗೆ ಕೀಲುಗಳು. ಗ್ರೀಸು ಕಾಣದಿದ್ದರೆ ನನ್ನ ಮಂಡಿಯ ಹಾಗೇ ಕಟಕಟ ಎನ್ನುತ್ತವೆ. (ನನ್ನ ಮಂಡಿಗೆ ಇವತ್ತಿನವರೆಗೆ ಯಾರೂ ಗ್ರೀಸು ಹಾಕಿಲ್ಲ, ಇರಲಿ.) ಗೊಂಗೋರ ಹಿಂದಿನ ಕೀಲುಗಳಿಗಷ್ಟೇ ಹಾಕುತ್ತಿದ್ದ. "ಮುಂದಿನ ಚಕ್ರಕ್ಕೆ ಕೆಸರಲ್ಲಿ ಮಾತ್ರ ಕೆಲಸ. ಸುಮ್ನೆ ಕೂತಿರೋರಿಗೆ ಬೆಣ್ಣೆ ಯಾಕಕ್ಕಾ?" ಎನ್ನುತ್ತಿದ್ದ.

ಅವನ ಹೆಂಡತಿ ದುಲ್ಮಾಳಿಗೆ ಒಂಟೆ ಬೇಕಿತ್ತು. ಮಗಳ ಮಾವನ ಹತ್ತಿರ ಒಂದು ಜೋಡಿ ಒಂಟೆ ಇತ್ತು. ಆ ಬೀಗರಿಗೆ ಜೀಪಿನ ಮೇಲೆ ಕಣ್ಣು. ಅಷ್ಟರಲ್ಲಿ ಮೊಮ್ಮಗನ ಮೊದಲ ಕೂದಲು ತೆಗೆಯುವ ಶಾಸ್ತ್ರಕ್ಕೆ ಬೀಗರಿಂದ ಕರೆ ಬಂತು. ದುಲ್ಮಾ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನೋಡು ಮುದುಕಾ, ಈ ನಿನ್ನ ರಾಣಿ ತನ್ನ ಶಕ್ತೀಲೇ ಬೀಗರ ಬಾಗಿಲಿಗೆ ಹೋದ್ರೆ ನಾನು ಬಾಯಿ ಹೊಲ್ಕೋತೀನಿ. ಯಾರಾದ್ರೂ ಹಗ್ಗ ಕಟ್ಟಿ ಎಳೀಬೇಕಾಯ್ತೋ, ಅಲ್ಲೇ ಅದನ್ನ ಬಿಟ್ಟು ಒಂಟೆ ಹತ್ಕೊಂಡು ಬರ್ತೀನಿ."

"ಬಾಯಿ ಹೊಲಿಯೋಕೆ ಗಟ್ಟಿ ದಾರ ಇಟ್ಕೋ, ಸಾಧಾರಣ ದಾರ ತಡಿಯಲ್ಲ!"

ಹೊರಡುವ ಬೆಳಿಗ್ಗೆ ಗ್ರೀಸಿನ ಡಬ್ಬ ತೆರೆದರೆ ತಳ ಕಾಣುತ್ತಿದೆ! ಹೆಂಡತಿಯ ಕಿವಿಗೆ ಬಿದ್ದರೆ ಒಂಟೆ ಮನೆಗೆ ಬಂದಂತೆಯೇ. ಗೊಂಗೋರ ಡೇರೆಯೊಳಗೆ ಕಣ್ಣಾಡಿಸಿದ. ಬೀಗರಿಗೆಂದು ಬೇಯಿಸಿ ಬಟ್ಟೆಯಲ್ಲಿ ಸುತ್ತಿಟ್ಟ ಕುರಿಯ ಬೆನ್ನು, ಅದಕ್ಕಂಟಿಕೊಂಡ ದಿಂಬಿನಂಥ ಕೊಬ್ಬಿನ ಬಾಲ. ಬಾಲ ಎಷ್ಟು ದಪ್ಪವೋ ತಂದವರ ಮರ್ಯಾದೆಯೂ ಅಷ್ಟೇ ದಪ್ಪ. ಆದರೇನು, ಕೊಬ್ಬೂ ಜಿಡ್ಡೇ, ಗ್ರೀಸೂ ಜಿಡ್ಡೇ ಎಂದು ಮನಸ್ಸಿನಲ್ಲೇ ಸಿದ್ಧಾಂತ ಮಾಡಿಕೊಂಡ. ಅರ್ಧ ಬಾಲ ಕೊಯ್ದು, ಹಿಸುಕಿ, ಗ್ರೀಸ್ ಗನ್ನಿಗೆ ತುಂಬಿ, ಹಿಂದಿನ ಕೀಲುಗಳಿಗೆ ಹೊಟ್ಟೆ ತುಂಬ ಉಣಿಸಿದ. ಬಟ್ಟೆಯನ್ನು ಮೊದಲಿನಂತೆ ಸುತ್ತಿಟ್ಟ.

ಜೀಪು ಎಣ್ಣೆ ಸುರಿದ ಹಾಗೆ ಓಡಿತು. ದಾರಿಯಲ್ಲಿ ಯಾರ ಡೇರೆಯ ಮುಂದೆ ಚಹಾಕ್ಕೆ ನಿಂತರೂ "ನಾಯಿ ಹಿಡ್ಕೊಳ್ರಪ್ಪೋ" ಎಂದು ಕೂಗುವ ಅಗತ್ಯವೇ ಬೀಳಲಿಲ್ಲ. ತೋಳದ ಕುತ್ತಿಗೆಗೆ ಬಾಯಿ ಹಾಕುವಂಥ ನಾಯಿಗಳು ಬಾಲ ಆಡಿಸುತ್ತ ಬಂದು, ಜೀಪಿನ ಕೆಳಗೆ ನುಸುಳಿ, ಸಾಷ್ಟಾಂಗ ಬೀಳುತ್ತಿದ್ದವು.

"ನೋಡಿದ್ಯಾ, ಬಂದಿರೋದು ಯಾರು ಅಂತ ನಾಯಿಗೂ ಗೊತ್ತು!"

"ನಾಯಿಗೆ ಮಾತ್ರ ಗೊತ್ತು," ಎಂದಳು ದುಲ್ಮಾ.

ಕೊಬ್ಬು ಬಿಸಿಗೆ ಕರಗಿ ಸೋರುತ್ತಿದೆ, ನಾಯಿಗಳು ಅದನ್ನೇ ನೆಕ್ಕಿ ಮುಗಿಸುತ್ತಿವೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಬೀಗರ ಡೇರೆ ದಿಬ್ಬದ ನೆತ್ತಿಯ ಮೇಲೆ. ನೆಂಟರೆಲ್ಲ ಹೊರಗೆ ನಿಂತು ನೋಡುತ್ತಿದ್ದರು. (ನಾನೂ ಇದ್ದೆ, ಎಲ್ಲರಿಗಿಂತ ಮುಂದೆ.) ದಿಬ್ಬದ ಬುಡದಲ್ಲೇ ಟಣ್! ಒಣಗಿದ್ದ ಹಿಂದಿನ ಕೀಲು ಮುರಿದು ಶಾಫ್ಟು ನೇತಾಡಿತು. ಮೇಲಿಂದ ಬೀಗರು ಹಗ್ಗ ಎತ್ತಿ ಬೀಸಿದರು.

"ಒಂಟೆ ಕಳಿಸ್ಲಾ ಬೀಗರೇ?"

ಗೊಂಗೋರ ಇಳಿದು ಜೀಪಿನಡಿ ಇಣುಕಿದ, ಕೆಲಸ ಕೆಟ್ಟಿತ್ತು. ಆದರೂ ಸೋಲುವವನಲ್ಲ. ಹಿಂದಿನ ಶಾಫ್ಟನ್ನೇ ಬಿಚ್ಚಿ ಒಳಗೆಸೆದು, ಮುಂದಿನ ಚಕ್ರಗಳಿಗೆ ಗೇರು ಹಾಕಿದ. ಆಶ್ಚರ್ಯ, ಮುಂದಿನ ಕೀಲುಗಳು ಒಂದು ಸಲವೂ ಕಟ್ ಎನ್ನಲಿಲ್ಲ! ಆದರೆ ಏರಿನಲ್ಲಿ ಮೂತಿ ಹಗುರಾಗಿ ಚಕ್ರಗಳು ನಿಂತಲ್ಲೇ ಸುತ್ತಿ ಕಲ್ಲು ಹಾರಿಸಿದವು. ಗೊಂಗೋರ ತಲೆ ಕೆರೆದುಕೊಂಡ. ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ ಬೀಳಲಿ ಎಂದು ಜೀಪನ್ನು ತಿರುಗಿಸಿ, ರಿವರ್ಸಿನಲ್ಲಿ ದಿಬ್ಬ ಹತ್ತಿಸತೊಡಗಿದ. ದುಲ್ಮಾ ದಾರಿ ನೋಡಲು ಕಿಟಕಿಯಿಂದ ಅರ್ಧ ಹೊರಗೆ ಬಂದಳು.

"ಎಡಕ್ಕೆ! ಎಡಕ್ಕೆ ಅಂದ್ನಲ್ಲೋ!"

"ಯಾರ ಎಡ? ನಿಂದಾ, ನಂದಾ?"

"ಬಂಡೆದು! ಬಂಡೆ ಗುದ್ತೀಯಲ್ಲೋ!"

ಹೀಗೆ, ಪೃಷ್ಠವನ್ನು ಮುಂದೆ ಮಾಡಿಕೊಂಡು, ಆ ಮಹಾರಥ ಸ್ವಶಕ್ತಿಯಿಂದ ಬೀಗರ ಬಾಗಿಲಿಗೆ ದಯಮಾಡಿಸಿತು. ಜನ ಹೋ ಎಂದು ಕೂಗಿದರು. ಮಗಳು ಹಾಲು ತಂದು ಚಕ್ರಗಳಿಗೆ ಚಿಮುಕಿಸಿದಳು. ಬೀಗರು ಹಗ್ಗ ಸುತ್ತಿ ಒಳಗಿಟ್ಟರು.

"ನಾನೇನು ಹೇಳ್ದೆ? ಮುಂದಿನ ಕೀಲಿಗೆ ಗ್ರೀಸೇ ಬೇಡ!" ಎಂದು ಗೊಂಗೋರ ಎಲ್ಲರಿಗೂ ಕೇಳುವಂತೆ ಸಾರಿದ.

ಅಷ್ಟು ಹೊತ್ತಿಗೆ ಡೇರೆಯೊಳಗೆ ದುಲ್ಮಾ ಹಿರಿಯರ ಮುಂದೆ ಉಡುಗೊರೆಯ ಬಟ್ಟೆ ಬಿಚ್ಚಿದಳು. ಅರ್ಧ ಬಾಲ! ಗೊಂಗೋರ ಆಗಲೇ ಒಳಗೆ ಕಾಲಿಟ್ಟ. ಬೀಗರು ಕೆಮ್ಮಿದರು.

"ನಿಮ್ಮ ಕಡೆ ಕುರಿಗಳು ಹೀಗೇ ಹುಟ್ತವಾ ಬೀಗರೇ?"

ಗೊಂಗೋರ ಬಾಯಿ ತೆರೆಯುವ ಮೊದಲೇ ಬೀಗರ ನಾಯಿ ಬಾಗಿಲಲ್ಲಿ ತೂರಿ ಬಂದು ಅವನ ತೋಳಿನ ಜಿಡ್ಡು ನೆಕ್ಕತೊಡಗಿತು. ದುಲ್ಮಾ ನಾಯಿಯನ್ನು ನೋಡಿದಳು, ತೋಳನ್ನು ನೋಡಿದಳು, ಬಾಲವನ್ನು ನೋಡಿದಳು.

"ಅಯ್ಯೋ ನಿನ್ನ! ಹಿಂದಿನ ಕೀಲಿಗೆ ಬೀಗರ ಬಾಲ ತಿನ್ನಿಸಿದ್ಯಾ? ಡಬ್ಬದ ಗ್ರೀಸೆಲ್ಲ ಮುಂದಿನ ಕೀಲಿಗೆ ಹಾಕಿದ್ದು ನಾನು ಕಣೋ! ನನಗೆ ಒಂಟೆ ಬೇಕು, ನಿಜ. ಹಾಗಂತ ಕಣ್ಣೆದುರಿಗೆ ಒಂದು ಪ್ರಾಣಿ ಎರಡೇ ಕಾಲಿಗೆ ಮೇವು ತಿಂದು ಕುಂಟೋದನ್ನ ನೋಡ್ಕೊಂಡಿರೋಕಾಗುತ್ತಾ?"

ಬೀಗರು ನಕ್ಕಿದ್ದಕ್ಕೆ ಡೇರೆಯ ಕಂಬ ಅಲುಗಿತು. ಉಳಿದರ್ಧ ಬಾಲವನ್ನು ಎಲ್ಲರೂ ಕಣ್ಣೊರೆಸಿಕೊಳ್ಳುತ್ತಲೇ ತಿಂದರು.

ದುಲ್ಮಾ ಮಾತಿಗೆ ತಪ್ಪಲಿಲ್ಲ. ಒಂಟೆಯ ಸುದ್ದಿ ಎತ್ತಲಿಲ್ಲ, ಜೀಪು ಉಳಿಯಿತು. ಹೊರಡುವಾಗ ಸುಮ್ಮನೆ ಕೈ ಚಾಚಿದಳು.

"ಕೀ ಕೊಡು. ನಮ್ಮನ್ನ ಮೇಲೆ ತಂದ ಮುಂದಿನ ಅರ್ಧ ನಂದು. ಸ್ಟೇರಿಂಗು ಆ ಕಡೇಲೇ ಇದೆ."

ಅವತ್ತಿನಿಂದ ಓಡಿಸುವವಳು ಅವಳು, ಕೆಳಗೆ ಮಲಗುವವನು ಇವನು. "ಜೀಪು ಉಳೀತಲ್ಲಕ್ಕಾ!" ಎಂದು ಈಗಲೂ ಎದೆ ಉಬ್ಬಿಸುತ್ತಾನೆ. ಅಲ್ಲಿ ಎದೆ ಉಬ್ಬಿಸಲು ಜಾಗ ಸ್ವಲ್ಪ ಕಡಿಮೆ.

ಚಹಾ ಮುಗೀತಾ? ಹಾಗಾದ್ರೆ ಈ ಗ್ರೀಸಿನ ಡಬ್ಬ ತಗೊಂಡು ಹೋಗಿ ಆ ಬೂಟಿನ ಪಕ್ಕ ಇಟ್ಟು ಬಾ. ಮುಂದಿನದು ಮೊದಲು ಅಂತ ದುಲ್ಮಾ ಹೇಳಿದ್ದಾಳೆ ಅನ್ನು. ಮತ್ತೆ, ಬೂಟಿನ ಪಕ್ಕದಲ್ಲಿ ಒಂದು ಬಾಲ ಆಡ್ತಿದೆಯಲ್ಲ, ಆ ನಾಯೀನ ಎಳ್ಕೊಂಡು ಬಂದು ಇಲ್ಲಿ ಕಟ್ಟು.