ಮಗ್ಗಲು ಬದಲಿಸಿದ ಪರ್ಸಿ

ಜಯತೀರ್ಥರ ಪಡಸಾಲೆಯ ನಡುವೆ ಒಂದು ತಗ್ಗಿತ್ತು. ಎಲ್ಲ ರಗಳೆಗೂ ಆ ತಗ್ಗೇ ಮೂಲ.

ಶಹಾಬಾದದಲ್ಲಿ ಅರ್ಧ ಊರು ನೆಲಕ್ಕೆ ಹಾಸುವ ಪರ್ಸಿಕಲ್ಲು ಅಗೆದು ಉಂಡರೆ, ಉಳಿದರ್ಧ ಊರು ಅದರ ಮೇಲೆ ಕೂತು ಉಣ್ಣುತ್ತದೆ. ಆದರೆ ಜಯತೀರ್ಥರ ಮನೆಯ ಪರ್ಸಿ ತುಳಿಸಿಕೊಂಡು ತುಳಿಸಿಕೊಂಡು ಹಳೆ ಚಪ್ಪಲಿಯ ಹಿಮ್ಮಡಿಯಂತೆ ಸವೆದಿತ್ತು. ಹೋದ ವರ್ಷ ಅಪ್ಪನ ಶ್ರಾದ್ಧದ ದಿನ ಧೀರೇಂದ್ರಾಚಾರ್ಯರು ಆ ತಗ್ಗಿನ ದಂಡೆಗೇ ಕೂತಿದ್ದರು. ಬಡಿಸಿದ ಸಾರು ಎಲೆಯ ಮೇಲೆ ಒಂದು ಗಳಿಗೆ ನಿಲ್ಲದೆ ಇಳಿದು ಹೋಗಿ ಆಚಾರ್ಯರ ಮಡಿಪಂಚೆಯ ಕೆಳಗೆ ಕೆರೆಯಾಯಿತು.

“ಜಯತೀರ್ಥಾ, ಮುಂದಿನ ವರ್ಷ ನೆಲ ನೆಟ್ಟಗ ಮಾಡಿಸಿದ್ರ ನನ್ನ ಕರಿ. ಇಲ್ಲಾಂದ್ರ ಈಜು ಬರೋ ಬ್ರಾಹ್ಮಣರನ್ನ ಹುಡಕ್ಕೋ” ಎಂದು ಹೇಳಿ ಎದ್ದಿದ್ದರು ಆಚಾರ್ಯರು.

ಆ ಮುಂದಿನ ವರ್ಷ ಈಗ ನಾಳೆಗೆ ಬಂದು ನಿಂತಿತ್ತು. ನೆಲ ಇದ್ದಂತೆಯೇ ಇತ್ತು.

“ಟೈಲ್ಸ್ ಹಾಕಸ್ರಿ ಅಂತ ವರ್ಷಾತು ಬಡಕೊಳ್ಳಿಕತ್ತೀನಿ” ಎಂದರು ಹೆಂಡತಿ ಸುಮಿತ್ರಾಬಾಯಿ. “ಸೇಡಂದಾಗ ನಮ್ಮಣ್ಣನ ಮನ್ಯಾಗ ನೋಡ್ರಿ, ನೆಲದಾಗ ಮಾರಿ ಕಾಣಸ್ತದ.”

“ಮಾರಿ ನೋಡ್ಲಿಕ್ಕೆ ನಮ್ಮನ್ಯಾಗ ಕನ್ನಡಿ ಅದ. ಶಹಾಬಾದದಾಗಿದ್ದು ಟೈಲ್ಸ್ ಹಾಕಸೂದಂದ್ರ ಹೊಳಿ ದಂಡಿಗೆ ಕುಂತು ಬಾಟಲಿ ನೀರು ಕುಡದಂಗ.”

“ಹಂಗಾರ ಹೊಸಾ ಪರ್ಸಿನಾದ್ರೂ ಹಾಕಸ್ರಿ. ಮಾವನೋರು ಹಾಕಸ್ಲಿಲ್ಲೇನು?”

ಅಪ್ಪನ ಮಾತು ಬಂದರೆ ಜಯತೀರ್ಥರ ಎದೆ ಪೂರಿಯಂತೆ ಉಬ್ಬುತ್ತಿತ್ತು. ಅವರು ಸಣ್ಣವರಿದ್ದಾಗ ಇದೇ ಪಡಸಾಲೆಯ ಪರ್ಸಿಯ ಮೇಲೆ ಮೊಳೆಯಿಂದ ಚೌಕಾಬಾರದ ಮನೆ ಕೆತ್ತಿ ಅಪ್ಪನಿಂದ ಬೆನ್ನು ಮುರಿಯುವಂತೆ ಬಡಿಸಿಕೊಂಡಿದ್ದರು. ಬೇಸಿಗೆ ಸೂಟಿಗೆ ಚಿತ್ತಾಪುರದ ಅತ್ತೆಯ ಮನೆಗೆ ಹೋಗಿ ಬರುವಷ್ಟರಲ್ಲಿ ನೆಲವೆಲ್ಲ ಥಳಥಳ ಹೊಸದಾಗಿತ್ತು. “ಒಂದು ಗೆರಿ ಕಂಡದ್ದಕ್ಕ ನಮ್ಮಪ್ಪ ಇಡೀ ಪಡಸಾಲಿ ಹೊಸಾದು ಮಾಡಿಸಿದಾ! ರಿಪೇರಿ ಗಿಪೇರಿ ಮಾತೇ ಇಲ್ಲ. ಅಂಥಾ ಕೈ ಅವಂದು!” ಎಂದು ಅವರು ಹೇಳದ ಮನೆ ಆ ಓಣಿಯಲ್ಲಿರಲಿಲ್ಲ.

“ಅಂಥಾ ಅಪ್ಪನ ಮಗಾ ನೀವು” ಎಂದು ಸುಮಿತ್ರಾಬಾಯಿ ಸೆರಗು ಬಾಯಿಗಿಟ್ಟುಕೊಂಡು, ನಾಳೆಗೆ ತುಪ್ಪ ತರಲು ಬೆಳಗಿನ ಗಾಡಿಗೆ ತವರಿಗೆ ಹೊರಟರು. “ಸಂಜಿ ಗಾಡಿಗೆ ಬರ್ತೀನಿ. ಆಚಾರ್ಯರು ನಾಳೆ ಬರ್ಲಿಲ್ಲಾಂದ್ರ ಊರಿಗೆ ನೀವೇ ಉತ್ತರಾ ಹೇಳ್ರಿ.”

ಜಯತೀರ್ಥರು ತಲೆ ಮೇಲೆ ಕೈಹೊತ್ತು ಕಟ್ಟೆಗೆ ಕೂತರು. ಪಕ್ಕದ ಮನೆ ಕಲ್ಯಾಣಪ್ಪ ಗೋಡೆಯ ಮೇಲಿಂದ ಮುಖ ತೂರಿಸಿದ. ಸಲಹೆ ಕೊಡುವ ಅವಕಾಶದ ವಾಸನೆ ಅವನಿಗೆ ಒಗ್ಗರಣೆಯ ವಾಸನೆಗಿಂತ ಬೇಗ ಹತ್ತುತ್ತಿತ್ತು.

“ರಾಯರ, ಹೊಸಾದು ಯಾಕ್ರಿ? ಇರೋ ಪರ್ಸಿ ಬೋರಲು ಹಾಕಸ್ರಿ. ಮ್ಯಾಲಿನ ಮಗ್ಗಲು ಸವದಾದ, ಕೆಳಗಿಂದು ಮದಿವಿ ಆಗದ ಹುಡುಗಿ ಇದ್ದಂಗ ಇರ್ತದ. ಸಂಜೀತನಕಾ ಕೆಲಸ ಮುಗೀತು.”

“ಮನ್ಯಾಗ ಏನು ಹೇಳ್ಲಿ?”

“ಹೊಸಾವು ಅಂತ ಹೇಳ್ರಿ. ಕಲ್ಲೇನು ಬಾಯಿ ಬಿಡ್ತದ?”

ಹೇಳಿ ಕಳಿಸಿದ್ದಕ್ಕೆ ಕಲ್ಲು ಹಾಸುವ ಗೌಂಡಿ ಗುಲಾಮ ದಸ್ತಗೀರ ಹಾರೆ ಹೆಗಲಿಗಿಟ್ಟು ಬಂದ. “ಫಿಕರ್ ಮಾಡಬ್ಯಾಡ್ರಿ ಸಾಬ್, ನೀವು ಚಾ ಕುಡಿಯೂದ್ರಾಗ ತಿರುವಿ ಒಗೀತೀನಿ” ಎಂದವನು ಚಾ ಎರಡು ಸಲ ಕುಡಿದ ಮೇಲೆ ಮೊದಲ ಕಲ್ಲಿಗೆ ಕೈಹಚ್ಚಿದ.

ಹಾರೆಯ ಸದ್ದಿಗೆ ಎದುರುಮನೆ ಗುಂಡಮ್ಮ ಇಣುಕಿ ನೋಡಿದಳು. “ಅಪ್ಪನ ಶ್ರಾದ್ಧದ ಹಿಂದಿನ ದಿನ, ಹೆಂಡತಿ ಊರಾಗಿಲ್ದಾಗ ನೆಲ ಅಗಿಸಾಕತ್ತಾನಂದ್ರ, ಮುದುಕ ಕೆಳಗ ಏನರ ಇಟ್ಟಾನ ತಗೋ!” ಎಂದಳು. ಆ ಮಾತು ಅಂಗಡಿ ಸಾಲು ಮುಟ್ಟುವ ಹೊತ್ತಿಗೆ ಬಂಗಾರದ ಕೊಡವಾಗಿತ್ತು. ಮಧ್ಯಾಹ್ನ ಉಂಡು ಮಲಗಬೇಕಾದ ಜನ ಪಡಸಾಲೆಯಲ್ಲಿ ತುಂಬಿಕೊಂಡರು.

“ಏನೂ ಇಲ್ರಪ್ಪಾ, ಕಲ್ಲು ತಿರುವ್ಲಿಕತ್ತೀವಿ ಅಷ್ಟೇ!” ಎಂದು ಜಯತೀರ್ಥರು ಗಂಟಲು ಹರಿದುಕೊಂಡರು.

“ಹೌದ್ಹೌದು, ನಾವೂ ತಿರುವ್ತೀವಿ ತಡೀರಿ” ಎಂದು ಎಲ್ಲರೂ ತೋಳೇರಿಸಿದರು. ಒಂದೊಂದು ಕಲ್ಲು ಎದ್ದಾಗಲೂ ಹತ್ತು ಮೂಗು ಕೆಳಗೆ ಬಗ್ಗುತ್ತಿದ್ದವು. ಕೆಳಗೆ ಮಣ್ಣು, ಒಂದು ಜಿರಲೆ ಸಂಸಾರ, ಮತ್ತೂ ಮಣ್ಣು. ಸಿಟ್ಟಿಗೆದ್ದ ಜನ ಕಲ್ಲುಗಳನ್ನು ಕೈಗೆ ಬಂದ ಕಡೆ ಒಗೆದರು. ದಸ್ತಗೀರ ಕೂಗಾಡುತ್ತ, ಕೆಳಮಗ್ಗಲಿಗೆ ಮೆತ್ತಿದ್ದ ಮಣ್ಣಿನ ಸಮೇತ ಎಲ್ಲವನ್ನೂ ಬೋರಲಾಗಿ ಹಾಸಿ ಮುಗಿಸಿದಾಗ ಸಂಜೆ ಗಾಡಿ ಸ್ಟೇಷನ್ನಿಗೆ ಬಂದ ಸೀಟಿ ಕೇಳಿಸಿತು.

“ನೀರು! ನೀರು ಹಾಕ್ರೋ!” ಎಂದರು ಜಯತೀರ್ಥರು. ಕೊಡಗಟ್ಟಲೆ ನೀರು ಬಿತ್ತು. ದಸ್ತಗೀರ ಪೊರಕೆಯಿಂದ ಉಜ್ಜತೊಡಗಿದ. ಅಷ್ಟರಲ್ಲಿ ತುಪ್ಪದ ಡಬ್ಬಿ ಹಿಡಿದ ಸುಮಿತ್ರಾಬಾಯಿ ಬಾಗಿಲಿಗೆ ಬಂದರು.

“ಏನ್ರಿ ಇದು ಜಾತ್ರಿ?”

ಜಯತೀರ್ಥರು ನೆಲಕ್ಕೆ ಬೆನ್ನು ಮಾಡಿ, ಹೆಂಡತಿಗೆ ಎದೆ ಮಾಡಿ ನಿಂತರು. “ಹೊಸಾ ಪರ್ಸಿ! ಖಣಿಯಿಂದ ಇವತ್ತೇ ತರಿಸೀನಿ. ನಮ್ಮಪ್ಪ ಹಾಕಿಸಿದಂಗ ಹಾಕಿಸಿಬಿಟ್ಟೆ!”

ಸುಮಿತ್ರಾಬಾಯಿ ಅವರ ಹೆಗಲಾಚೆ ನೋಡಿದರು. “ಈಗೀಗ ಖಣಿಯೊಳಗ ಚೌಕಾಬಾರಾನೂ ಆಡ್ತಾರೇನ್ರಿ?”

ಜಯತೀರ್ಥರು ತಿರುಗಿದರು. ಮಣ್ಣು ತೊಳೆದುಹೋದ ಕಲ್ಲಿನ ಮೇಲೆ ಮೊಳೆಯಿಂದ ಕೆತ್ತಿದ ಚೌಕಾಬಾರದ ಮನೆ, ಪಕ್ಕದಲ್ಲಿ ಸೊಟ್ಟಪಟ್ಟ ‘ಜ’. ಅದರ ಸುತ್ತ ಇನ್ನೊಂದು ತಗ್ಗು, ಮೊದಲಿನದಕ್ಕಿಂತ ಆಳ. ನೀರು ಅಲ್ಲಿ ಹಾಯಾಗಿ ಕೂತಿತ್ತು. ಅಪ್ಪ ಹಾಕಿಸಿದ ಹೊಸ ನೆಲವೆಂದರೆ ಇದೇ ನೆಲ, ಬೋರಲು.

ಕಲ್ಯಾಣಪ್ಪ ಮೆಲ್ಲಗೆ ಗೋಡೆಯಾಚೆ ಮಾಯವಾದ.

“ನಮ್ಮಪ್ಪ... ನನಗ ಸುಳ್ಳು ಹೇಳಿದನಲ್ಲಾ!” ಎಂದರು ಜಯತೀರ್ಥರು.

“ನೀವು ಈಗ ನನಗ ಹೇಳಿದ್ದೇನು?” ಎಂದು ಸುಮಿತ್ರಾಬಾಯಿ ನಕ್ಕರು. “ನಾ ಮದಿವ್ಯಾಗಿ ಬಂದ ವರ್ಷಾನೇ ಅತ್ತಿಯೋರು ಹೇಳಿದ್ರು. ಕಲ್ಲು ಬೋರಲು ಹಾಕಿ ಹೊಸಾವು ಅಂತ ನಂಬಿಸ್ಯಾರ, ಹುಡುಗ ಖುಷಿಲೆ ನಂಬ್ಯಾನ, ಕೆಡಸಬ್ಯಾಡ ಅಂತ.”

“ಇಷ್ಟು ವರ್ಷ ಒಂದು ಮಾತು ಹೇಳಬಾರದೇನು?”

“ಅಪ್ಪನ ಸುದ್ದಿ ಹೇಳಾಗ ನಿಮ್ಮ ಮಾರಿ ಹ್ಯಾಂಗ ಅರಳ್ತಿತ್ತು ಅಂದ್ರ, ಹೇಳ್ಲಿಕ್ಕೆ ಮನಸ್ಸಾಗ್ಲಿಲ್ರಿ.”

ಜಯತೀರ್ಥರಿಗೆ ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯಲಿಲ್ಲ. ಇದ್ದುದರಲ್ಲಿ ಬೆಳಗಿನ ತನಕ ಮೇಲಿದ್ದ ಮಗ್ಗಲೇ ವಾಸಿಯೆಂದು ಜನರನ್ನು ಹಿಡಿದು ನಿಲ್ಲಿಸಿ ಕಲ್ಲುಗಳನ್ನೆಲ್ಲ ಮತ್ತೆ ತಿರುವಿಸಿದರು. ಯಾವ ಕಲ್ಲು ಎಲ್ಲಿತ್ತೆಂದು ಯಾರಿಗೂ ನೆನಪಿರಲಿಲ್ಲ. ಸಿಕ್ಕದ್ದು ಸಿಕ್ಕಲ್ಲಿ ಕೂತಿತು.

ಮರುದಿನ ಆಚಾರ್ಯರು ಬಂದು ಕೂತರು. ಸಾರು ಬಿತ್ತು. ಎಲೆಯ ಮೇಲೆ ಅಲುಗದೆ ನಿಂತಿತು.

“ಭೇಷ್! ಹೊಸಾ ನೆಲಾ ಹಾಕಿಸೀದಿ?” ಎಂದರು ಆಚಾರ್ಯರು. “ಅಪ್ಪಗ ತಕ್ಕ ಮಗ ನೋಡು ನೀ.”

ಜಯತೀರ್ಥರು ಕೈಮುಗಿದರು. ಬ್ರಾಹ್ಮಣರು ಉಂಡೆದ್ದ ಮೇಲೆ, ಬೆಳಗಿನಿಂದ ಉಪವಾಸವಿದ್ದ ಅವರು ತಮ್ಮ ಎಂದಿನ ಜಾಗದಲ್ಲಿ ಗೋಡೆಗೊರಗಿ ಕೂತರು. ಸುಮಿತ್ರಾಬಾಯಿ ಬಿಸಿ ಸಾರು ಬಡಿಸಿದರು. ಸಾರು ಎಲೆ ದಾಟಿತು, ಹೊಸ ಮನೆ ಹುಡುಕಿಕೊಂಡು ಬಂದಿದ್ದ ತಗ್ಗಿಗಿಳಿಯಿತು, ಅಲ್ಲಿಂದ ಅವರ ಪಂಚೆಯ ಕೆಳಗೆ ಹರಿಯಿತು.

ಸುಮಿತ್ರಾಬಾಯಿ ಸೌಟು ಹಿಡಿದು ನಿಂತೇ ಇದ್ದರು.

“ಇನ್ನೊಂದು ಸೌಟು ಹಾಕ್ಲೇನ್ರಿ? ಇಲ್ಲಾ ಟೈಲ್ಸ್ ಹಾಕಸ್ತೀರೋ?”