ಕೊಟ್ರಪ್ಪ ಡಿಸ್ಕ್ ಕಡಿದು ನೋಡಿದ್ದು

ಕಾರಟಗಿಯ ಭತ್ತದ ದಲ್ಲಾಳಿ ಕೊಟ್ರಪ್ಪನಿಗೆ ಡಾಕ್ಟರುಗಳ ಮೇಲೆ ಒಂದೇ ಸಿಟ್ಟು: ಮಾಲು ತೋರಿಸದೆ ವ್ಯಾಪಾರ ಮಾಡುತ್ತಾರೆ. ಹೆಂಡತಿ ಶಿವಬಸಮ್ಮನ ಕುತ್ತಿಗೆಯಲ್ಲಿ ಸವೆದ ಡಿಸ್ಕ್ ನರವನ್ನು ಒತ್ತುತ್ತಿತ್ತು. ಅದನ್ನು ತೆಗೆದು ಕೃತಕ ಡಿಸ್ಕ್ ಕೂರಿಸಬೇಕು, ತಡಮಾಡಿದರೆ ಬಲಗೈ ಪೂರ್ತಿ ಸೋಲುತ್ತದೆ ಎಂದು ಗಂಗಾವತಿಯ ಡಾಕ್ಟರ್ ಅತೀಯಾ ಎರಡು ತಿಂಗಳ ಹಿಂದೆಯೇ ಹೇಳಿದ್ದರು. ಅಂದಿನಿಂದ ಕೊಟ್ರಪ್ಪ ಯಾವ ಜಾತಿಯ ಡಿಸ್ಕ್ ಒಳ್ಳೆಯದೆಂಬ ಘನಘೋರ ಸಂಶೋಧನೆಯಲ್ಲಿ ಮುಳುಗಿದ್ದ. ಮೊಬೈಲಿನಲ್ಲಿ ವಿಡಿಯೋ ನೋಡುವುದೇನು, ಕೊಪ್ಪಳ, ಕುಷ್ಟಗಿಯಲ್ಲಿ ಕುತ್ತಿಗೆ ಆಪರೇಷನ್ ಆದವರನ್ನೆಲ್ಲ (ಪಾಪ, ಒಬ್ಬರದು ಮೂಲವ್ಯಾಧಿಯ ಆಪರೇಷನ್) ಹುಡುಕಿ ವಿಚಾರಿಸುವುದೇನು!

"ಲೋಹದ್ದು ಗಟ್ಟಿ, ಆದ್ರ ಸಂದು ಸವೀತೈತಂತ. ಮೆತ್ತಂದು ಛಲೋ ಬಾಗತೈತಿ, ಆದ್ರ ಎಷ್ಟು ವರ್ಷ ಬಾಳಿಕಿ ಅನ್ನೋ ಲೆಕ್ಕ ಸಿಗವಲ್ದು," ಎಂದು ಊಟಕ್ಕೆ ಕೂತಾಗ ವರದಿ ಒಪ್ಪಿಸಿದ.

"ನನ್ನ ಕೈಗೆ ರೊಟ್ಟಿ ಬಡಿಯಾಕ ಬರವಲ್ದು. ಅದರ ಲೆಕ್ಕ ಯಾರು ಹಿಡೀಬೇಕ್ರಿ?" ಎಂದಳು ಶಿವಬಸಮ್ಮ.

ಅದು ಅವನಿಗೂ ಗೊತ್ತಿತ್ತು. ನಿಜ ಹೇಳಬೇಕೆಂದರೆ ಅವನಿಗೆ ಹೆದರಿಕೆ. ಹೋಲಿಕೆ ಮುಗಿದರೆ ಹೆಂಡತಿಯ ಕುತ್ತಿಗೆಗೆ ಕತ್ತರಿ ಬೀಳುತ್ತದೆ. ಆದ್ದರಿಂದ ಅವನು ಮುಗಿಸುತ್ತಲೇ ಇರಲಿಲ್ಲ.

ಕಡೆಗೆ ಅತೀಯಾ ಬೇಸತ್ತು, ರೋಗಿಗಳಿಗೆ ತೋರಿಸಲೆಂದು ಇಟ್ಟಿದ್ದ ಎರಡು ಮಾದರಿ ಡಿಸ್ಕುಗಳನ್ನು ಮೇಜಿನ ಮೇಲಿಟ್ಟರು. "ಎರಡೂ ಛಲೋನ ಅದಾವ್ರಿ. ಇವರ ಎಲುಬಿಗೆ ಯಾವುದು ಹೊಂದತೈತಿ ಅಂತ ನಾ ನೋಡ್ತೀನಿ. ನೀವು ದಿನ ಅಷ್ಟ ಗೊತ್ತು ಮಾಡ್ರಿ."

ಮಾಲು ಕಣ್ಣೆದುರು ಬಿದ್ದದ್ದೇ ತಡ, ಕೊಟ್ರಪ್ಪನೊಳಗಿನ ದಲ್ಲಾಳಿ ಎದ್ದು ಕೂತ. ಮೂವತ್ತು ವರ್ಷ ಭತ್ತದ ಕಾಳನ್ನು ಹಲ್ಲಿನಲ್ಲಿ ಕಡಿದೇ ದರ ಹೇಳಿದವನು ಅವನು. ಲೋಹದ ಡಿಸ್ಕನ್ನು ಅಂಗೈಯಲ್ಲಿ ಉಜ್ಜಿದ, ಊದಿದ, ದವಡೆಗಿಟ್ಟು ಕಟಕ್ಕೆಂದು ಕಡಿದ.

ಡಿಸ್ಕಿಗೆ ಏನೂ ಆಗಲಿಲ್ಲ.

ರಸ್ತೆಯಾಚೆಯ ಹಲ್ಲಿನ ದವಾಖಾನೆಯಲ್ಲಿ ಡಾಕ್ಟರ್ ನಜೀಬ, ಮುರಿದ ಹಲ್ಲಿಗೆ ಹಾಕುವ ಕ್ಯಾಪುಗಳನ್ನು ಸಾಲಾಗಿ ಜೋಡಿಸಿ ಒಂದೊಂದರ ಗುಣಗಾನ ಶುರುಮಾಡಿದರು. ಕೊಟ್ರಪ್ಪ ಗಲ್ಲ ಹಿಡಿದುಕೊಂಡು ಚೀರಿದ: "ಯಾವುದಾರ ಹಾಕ್ರಿ ಮಾರಾಯ್ರ! ಮೊದಲ ನೋವು ನಿಲ್ಲಸ್ರಿ!"

ಪಕ್ಕದಲ್ಲಿದ್ದ ಶಿವಬಸಮ್ಮ ನಗಲಿಲ್ಲ. "ಎರಡು ತಿಂಗಳಿಂದ ನಾನೂ ಇದನ್ನ ಅಲ್ಲೇನ್ರಿ ಹೇಳಾಕತ್ತಿದ್ದು?" ಎಂದಳು.

ಅಷ್ಟರಲ್ಲಿ ಬಾಯಿಗೆ ಹತ್ತಿ ತುರುಕಿದ್ದರಿಂದ ಉತ್ತರ ಕೊಡುವ ಸಂಕಟ ಕೊಟ್ರಪ್ಪನಿಗೆ ತಪ್ಪಿತು. ಆಪರೇಷನ್ನಿನ ದಿನ ಗೊತ್ತು ಮಾಡಲು ಆಕೆಯೇ ಅತೀಯಾಗೆ ಫೋನ್ ಹಚ್ಚಿದಳು. ಮೊಬೈಲು ಬಲಗೈಯಿಂದ ಜಾರಿತು. ಕೊಟ್ರಪ್ಪ ಕುರ್ಚಿಯಿಂದ ಬಾಗಿ ಅದನ್ನು ಹಿಡಿದ, ಮಾತು ಮುಗಿಯುವವರೆಗೂ ಹೆಂಡತಿಯ ಕಿವಿಗೆ ಹಿಡಿದುಕೊಂಡೇ ಕೂತ.